ಹಬ್ಬದ ನೀರಿಗೆ ಹಚ್ಚಿದ ಮೂರು ರಾಡು

ಮನೂರ್
ಗುರುವಾರ, ತಾ. 9-12-1982

ಸೌಭಾಗ್ಯವತಿ ಲಕ್ಷ್ಮಿಬಾಯಿಗಿ, ನಿನ್ನ ಗಂಡ ಬೀರಣ್ಣ ಬರಿಯೂದು.

ಇತ್ತ ಎಲ್ಲರೂ ಕ್ಷೇಮ ಅಂತ ಮೊದಲಿಗಿ ಬರೀಬೇಕಂತ. ಕುರಿ ಕ್ಷೇಮ ಆವ. ನಾಯಿ ಕ್ಷೇಮ ಅದ. ನನ್ನ ಸುದ್ದಿ ಮುಂದ ಬರತದ.

ನನ್ನ ಅಕ್ಷರದ ಹಣೇಬರಹ ನಿನಗ ಗೊತ್ತದ. ಮೂರನೇ ಇಯತ್ತೇದಾಗ ಮಾಸ್ತರ ಹೊಡದ ಅಂತ ಪಾಟಿ ಅವನ ಮ್ಯಾಲೇ ಒಗದು ಬಂದವ ನಾ. ನಿನಗಂತೂ ಓದಾಕ ಬರೂದಿಲ್ಲ. ಇದನ್ನ ಓದಿ ಹೇಳಾಕಿ ನಿಮ್ಮ ಅಣ್ಣ ಯಂಕಪ್ಪನ ಸೊಸಿ ಬಾಲಮಣಿ. ಗಂಡ ಹೆಂಡ್ತಿ ಮಾತು ಆ ಹುಡುಗಿ ಬಾಯಿಂದ ಹೊರಬೀಳಬೇಕಲ್ಲ ಅಂತ ನೆನಸಿದ್ರ ನನಗ ಈಗೇ ಕಿವಿ ಬಿಸಿ ಆಗ್ತಾವ. ಬಾಲಮಣಿ, ಬಾಗಿಲ ಮುಂದ ಮಾಡಿ ಓದವ್ವಾ.

ಭಾವುಬೀಜಕ್ಕ ಅಣ್ಣಗ ಆರತಿ ಮಾಡಿ ಎರಡು ದಿನದಾಗ ಬರ್ತೀನಿ ಅಂತ ತಾಂಡೂರಿಗಿ ಹೋದಾಕಿ ನೀ. ಎಳ್ಳಮಾಸಿ ಹತ್ತರ ಬಂತು, ನೀ ಬರಲಿಲ್ಲ. ನಿಮ್ಮ ಅಣ್ಣ ಸಂತಿಗಿ ಬಂದವರ ಕೈಲಿ ಹೇಳಿ ಕಳಿಸ್ಯಾನ. ನಮ್ಮ ತಂಗಿ ಆ ಓಣ್ಯಾಗ ಮಾರಿ ಎತ್ತಿ ತಿರಗೂ ಹಂಗ ಆಗೂತನಕ ಕಳಿಸೂದಿಲ್ಲ ಅಂತ. ಕೇಳಿ ನನಗ ಎಂಥಾ ಸಿಟ್ಟು ಬಂತಂದ್ರ, ಕೈಯಾಗಿನ ಚಹಾದ ಕಪ್ಪು ಗ್ವಾಡಿಗಿ ಒಗದೆ. ಒಡದದ್ದು ನಿನ್ನ ಕಪ್ಪು. ನಂದು ಅದಕ್ಕೂ ಮೊದಲೇ ಒಡದಿತ್ತು.

ಇಲ್ಲಿ ಏನಾತು ಅಂತ ನಿಮ್ಮ ಮನಿಯವರಿಗಿ ನೀ ಪೂರಾ ಹೇಳಿರಾಕಿಲ್ಲ. ನೀ ಹೇಳೂ ಪೈಕಿ ಅಲ್ಲ. ಅದಕ್ಕ ನಿನಗ ಗೊತ್ತಿದ್ದದ್ದನ್ನೂ ಇಲ್ಲಿ ಬರೀತೀನಿ. ಅವರೂ ಕೇಳಲಿ.

ಜಹೀರಾಬಾದಿನಾಗ ಒಬ್ಬ ಕಾರ್ಖಾನಿ ಸಾಹೇಬನ ಬಂಗಲೇಕ್ಕ ಟಗರು ಕೊಡಾಕ ಹೋದಾಗ ಹಿತ್ತಲದಾಗ ಒಂದು ಹೌಜು ನೋಡಿದ್ದೆ, ಮನಶಾ ಇಳದು ಕುಂಡ್ರೂವಂಥಾ ನೀರಿನ ತೊಟ್ಟಿ. ಒಳಗೆಲ್ಲಾ ಬಿಳೀ ಫರಸಿ. ಕರೆಂಟಿನ ಮ್ಯಾಲೇ ನೀರು ಕಾಯ್ತದ, ಅನ್ನದ ಎಸರಿನಂಗ ಗುಳುಗುಳು ಅಂತದ. ಸಾಹೇಬ ಕುತ್ತಿಗಿ ಮಟಾ ಮುಳುಗಿ ಕುಂತು ಸಿಗರೇಟು ಸೇದ್ತಿದ್ದ. ಟಗರಿನ ಹಗ್ಗ ಹಿಡಕೊಂಡು ನಾ ನಿಂತಲ್ಲೇ ನಿಂತೆ. ಮನಿಗಿ ಬಂದವನೇ ಅಂಥಾದ್ದೇ ಒಂದು ಕಟ್ಟಸಾಕ ಗವಂಡ್ಯಾನ ಕರಸಿದೆ.

ಡಾಕ್ಟರು ನಿನ್ನ ಮೊಣಕಾಲಿಗಿ ದಿನಾ ಬಿಸಿನೀರಾಗ ಕುಂಡ್ರಬೇಕು ಅಂದದ್ದು ಖರೆ. ಹೌಜು ಅದಕ್ಕೇ ಅಂತ ಊರ ತುಂಬ ಹೇಳಿಕೋತ ತಿರಗಿದೆ. ಆದ್ರ ನಿನ್ನ ಕಾಲಿಗಾಗಿ ಕಟ್ಟಿಸಿದ್ರ ಎರಡು ಮೆಟ್ಟಲಾ ಇಡಸ್ತಿದ್ದೆ. ನಾ ಎದಿ ಎತ್ತರ ಗ್ವಾಡಿ ಎಬ್ಬಿಸಿದೆ, ಹೊರಗ ನಿಂತವರಿಗಿ ದೊಡ್ಡದಾಗಿ ಕಾಣಲಿ ಅಂತ. ನೀ ಅದನ್ನ ಹತ್ತಿ ಇಳಿಯಾಕ ಆಗೂದಿಲ್ಲ ಅನ್ನೂದು ನನ್ನ ಕಣ್ಣಿಗಿ ಕಂಡಿತ್ತು. ದೀವಳಗಿಗಿ ಹೊಸಾ ಅಳಿಯ ಬರೋನಿದ್ದ. ನೀರು ತುಂಬೂ ಹಬ್ಬದ ಮರುದಿನ ಅಳಿಯಗ ಮೊದಲ ನೀರು ಹಾಕ್ತೀವಲ್ಲ, ಅವನ್ನ ಸಾಹೇಬನಂಗ ಇದರಾಗ ಕುಂಡ್ರಸಬೇಕು, ಅವ ಹೋಗಿ ನಾಕು ಮಂದಿಗಿ ಹೇಳಬೇಕು. ಇದು ನನ್ನ ಹೊಟ್ಟ್ಯಾಗಿನ ಮಾತು.

ಲೈನ್‌ಮನ್ ಅಂಜಪ್ಪ ಬಂದು ಹೌಜು ನೋಡಿ ನಕ್ಕ. ಕಾಕಾ, ಇದರಾಗ ಎಮ್ಮಿ ಈಸು ಬಿಡಸ್ತೀರೇನ್ರಿ ಅಂದ. ಆಮ್ಯಾಲ ಬೀಡಿ ಹಚ್ಚಿ ಹೇಳಿದ. ನಿಮ್ಮ ಮನಿಗಿ ಕೊಟ್ಟ ಲೋಡು ನಾಕು ಬಲ್ಬು ಒಂದು ಫ್ಯಾನಿಗಿ ಸಾಕಾಗೂವಷ್ಟು. ನೀವು ನೀರು ಕಾಸೂ ಕರೆಂಟಿನ ರಾಡು ಮೂರು ತಂದೀರಿ. ಹಚ್ಚಿದ್ರ ಒಂದೇ ಹಚ್ಚರಿ, ಅದೂ ಊರು ದೀಪಾ ಆರಿಸಿ ಮಲಗಿದ ಮ್ಯಾಲ. ಅರ್ಧ ನೀರು ಹಂಡೇದಾಗ ಕಟಗಿ ಹಚ್ಚಿ ಕಾಸಿ ಸುರೀರಿ, ಮ್ಯಾಲ ಹಲಗಿ ಮುಚ್ಚರಿ, ರಾಡು ಬಿಸಿ ಉಳಸಾಕ ಅಷ್ಟೇ. ಮೂರೂ ಬೇಕಂದ್ರ ದೊಡ್ಡ ಲೈನಿಗಿ ಅರ್ಜಿ ಹಾಕಿ ಸಂಕ್ರಾಂತಿ ತನಕಾ ತಡೀರಿ ಅಂದ. ಅಳಿಯ ಸಂಕ್ರಾಂತಿ ತನಕಾ ಮೈ ತೊಳೀದೇ ಕುಂಡ್ರಬೇಕೇನೋ ಅಂತ ಬೈದು ಕಳಿಸಿದೆ.

ನೀ ಒಲಿ ಮುಂದ ಕುಂತು ಎಲ್ಲಾ ಕೇಳಿದ್ದಿ. ಒಂದೇ ಹಚ್ಚರಿ, ಉಳದ ನೀರು ನಾ ಹಂಡೇದಾಗ ಕಾಸ್ತೀನಿ ಅಂದಿ. ಅದಕ್ಕ ನಾ ಏನಂದೆ? ಕರೆಂಟಿನ ಮಾತಿನಾಗ ಹೆಂಗಸರು ಬಾಯಿ ಹಾಕಬಾರದು ಅಂದೆ. ಬಾಲಮಣಿ, ಇದನ್ನ ಬಿಡಬ್ಯಾಡ, ಓದು.

ನೀರು ತುಂಬೂ ಹಬ್ಬದ ದಿನಾ ಮಧ್ಯಾಹ್ನದಾಗೇ ನಾ ನಳಕ್ಕ ಪೈಪು ಹಚ್ಚಿ ಹೌಜು ತುಂಬಿಸಿಕೊಂಡೆ. ಸಂಜೀಕ ಓಣಿ ಹೆಂಗಸರು ಹಂಡೆ ತಿಕ್ಕಿ, ಸುಣ್ಣದ ಗೆರಿ ಎಳದು, ಬಳ್ಳಿ ಕಟ್ಟಿ, ನಳದ ಮುಂದ ಕೊಡಾ ಪಾಳಿ ಹಚ್ಚಿದ್ರು. ಎಲ್ಲರ ಮನ್ಯಾಗೂ ದೀಪಾ. ಅದೇ ಹೊತ್ತಿಗಿ ನಾ ಒಂದು ರಾಡು ಹಚ್ಚಿ ಕೈ ಹಾಕಿ ನೋಡಿದೆ, ನೀರು ತಣ್ಣಗೇ ಇತ್ತು. ಎರಡನೇದು ಹಚ್ಚಿದೆ, ಫ್ಯೂಜ್ ಹೋತು. ಹೋಗೂದಂದ್ರೇನು, ನನ್ನ ಮನ್ಯಾಗ ನನಗೇ ಇದಿರಾಡೂದೇನು ಅಂತ ತಲಿ ಕೆಡ್ತು. ಕೂದಲಿನಂಥ ಆ ಫ್ಯೂಜಿನ ತಂತಿ ಕಿತ್ತು, ಕುರಿಹಟ್ಟಿ ಬೇಲಿಗಿ ಸುತ್ತೂ ದಪ್ಪ ತಂತಿ ಕಡದು ಅಲ್ಲಿ ಸಿಗಿಸಿದೆ. ಮೂರೂ ರಾಡು ಹಚ್ಚಿದೆ. ಬಲ್ಬು ಬೀಡಿ ತುದಿಯಂಗ ಕೆಂಪಗಾತು. ಅದನ್ನ ನೋಡಿಯೂ ಆರಸಲಿಲ್ಲ. ನೀರು ಬೆಚ್ಚಗಾಗಾಕ ಹತ್ತಿತ್ತು, ಖುಷಿಯಾಗಿದ್ದೆ.

ಆಮ್ಯಾಲ ಕಂಬದ ಮ್ಯಾಲ ಚಟ್ ಅಂತು.

ಓಣಿ ಪೂರಾ ಕತ್ತಲಿ. ಕತ್ತಲಿ ಆದ್ರ ಆಗಲಿ, ದೀವಳಗಿ, ಮನಿ ಮನಿಗಿ ಹಣತಿ ಇದ್ದವು. ಆದ್ರ ನಳದ ಮೋಟಾರೂ ಅದೇ ಲೈನಿನ ಮ್ಯಾಲ ಇತ್ತು. ನೀರು ತುಂಬೂ ಹಬ್ಬದಾಗ ಓಣಿ ಹಂಡೆಲ್ಲಾ ಬಳ್ಳಿ ಕಟಗೊಂಡು ಖಾಲಿ ಕುಂತವು. ನಮ್ಮ ಹಿತ್ತಲದಾಗಷ್ಟೇ ನೀರು ತುಳಕತಿತ್ತು.

ನೀ ನನ್ನ ಕೇಳಲೇ ಇಲ್ಲ. ಹಿತ್ತಲ ಬಾಗಿಲ ತಗದು, ಬರ್ರೆವ್ವಾ ಬರ್ರಿ, ಹಬ್ಬದ ದಿನಾ ಖಾಲಿ ಕೊಡಾ ಒಯ್ಯಬ್ಯಾಡ್ರಿ ಅಂತ ಕರದಿ. ಆ ಎತ್ತರ ಗ್ವಾಡಿಗಿ ಹೊಟ್ಟಿ ಒತ್ತಿ ನಿಂತು ಒಬ್ಬೊಬ್ಬರ ಕೊಡಾ ಅದ್ದಿ ಎತ್ತಿ ಕೊಟ್ಟಿ. ನಿನ್ನ ಕಾಲು ನಡಗ್ತಿದ್ದವು. ಅಳಿಯನ ನೀರು ಹೋತು, ಹಾಳು ಮಾಡಿದಿ ಅಂತ ನಾ ಹಿಂದ ನಿಂತು ಒದರಾಡಿದೆ.

ಮರುದಿನ ಮುಂಜಾನಿ ಅಂಜಪ್ಪನ್ನ ನಾರಾಯಣಖೇಡದಿಂದ ಕರಕೊಂಡು ಬಂದ್ರು. ಹಬ್ಬಕ್ಕ ಹಚ್ಚಿಕೊಂಡ ಎಣ್ಣಿ ತಲಿ ಮ್ಯಾಲ ಹಂಗೇ ಇತ್ತು, ಕಪಾಳದ ಮ್ಯಾಲ ಇಳೀತಿತ್ತು. ಮನ್ಯಾಗ ಒಂದು ತಂಬಿಗಿ ನೀರು ಹಾಕ್ಕೊಳ್ಳಾಕೂ ಬಿಟ್ಟಿಲ್ರಿ ನನ್ನ ಅಂತ ಬಯ್ಕೋತ ನಮ್ಮ ಮನಿ ಫ್ಯೂಜಿನ ಕಟೌಟ್ ಬಿಚ್ಚಿದ. ಬೇಲಿ ತಂತಿ ಎತ್ತಿ ಎಲ್ಲರಿಗೂ ತೋರಿಸಿದ. ಓಣಿ ಮಂದಿ ಅಂಗಳದಾಗ ನಿಂತಾರ, ಆಗಷ್ಟೇ ಊರಿಂದ ಬಂದ ಅಳಿಯ ಹೊರಸಿನ ಮ್ಯಾಲ ಕುಂತಾನ. ಇದನ್ನ ಹಾಕಿದ ಪುಣ್ಯಾತ್ಮರು ಯಾರ್ರಿ ಕಾಕಾ ಅಂದ. ನನಗ ಅಳಿಯ ಒಬ್ಬನೇ ಕಂಡ. ನಾ ಹೊಲದಾಗಿದ್ದೆ, ಮನ್ಯಾಗಿನಾಕಿ ತಿಳೀದೇ ಏನೋ ಮಾಡ್ಯಾಳ ಅಂದೆ.

ಯಂಕಪ್ಪಾ, ನೀನೂ ಬಾಜೂಕ ಕುಂತು ಕೇಳಾಕ ಹತ್ತಿದ್ರ ಕೇಳು. ಹಿಂಗ ಅಂದವ ನಾನೇ.

ಲಕ್ಷ್ಮಿ, ಅಂಜಪ್ಪ ನಿನ್ನ ಕಡಿ ನೋಡಿದ. ನೀ ನನ್ನ ಕಡಿ ನೋಡಿದಿ. ಆಗ ನೀ ಒಂದು ಮಾತು ಅಂದಿದ್ರ ಜಗಳಾ ಮಾಡಿ ಮುಗಿಸ್ತಿದ್ದೆ, ಜಗಳಾ ನನಗ ಬರತದ. ನೀ ಅಳಿಯನ್ನ ನೋಡಿ ಸೆರಗ ಸರಿ ಮಾಡ್ಕೊಂಡಿ. ಹೂನಪ್ಪಾ, ನಾನೇ ಹಾಕೀನಿ ಅಂದಿ. ಮಂದಿ ನಕ್ಕರು. ನಾನೂ ಅವರ ಸಂಗಟ ನಕ್ಕೆ.

ಮುಂದಿನ ಎರಡು ದಿನ ಬಾಜೂ ಮನಿ ಈಶಮ್ಮ ನಿನಗ ನಳದ ಮುಂದ, ಸರೀರೆವ್ವಾ, ಕರೆಂಟ್ ಬಾಯಿ ಬಂದ್ಲು, ಆಕಿ ಕೊಡಾ ಮುಟ್ಟಿದ್ರ ಮೋಟಾರ ಸುಡತದ ಅಂದ್ಲಂತ. ಉಳದವರು ಕಿಸಿಕಿಸಿ ನಕ್ಕರಂತ. ಅಂದ್ಲಂತ, ನಕ್ಕರಂತ ಅಂತ ಯಾಕ ಬರೀಬೇಕು. ನಾ ಅಲ್ಲೇ ಕಟ್ಟಿ ಮ್ಯಾಲ ಇದ್ದೆ. ಎಲ್ಲಾ ಕೇಳೀನಿ. ಅಂಗೈಯಾಗ ತಂಬಾಕ ತಿಕ್ಕೋತ ಕೆಳಗ ನೋಡಿದೆ.

ನೀ ಹೋದ ಮ್ಯಾಲ ಒಂದು ದಿನ ಹಠಕ್ಕ ಬಿದ್ದು ನಾನೇ ಹೌಜಿನಾಗ ಇಳದೆ. ಇಳದೇನೋ ಇಳದೆ, ಹೊರಗ ಬರಾಕ ಆಗವಲ್ದು. ಗ್ವಾಡಿ ಪಾಚಿ ಕಟ್ಟಿತ್ತು, ಕಾಲು ಜಾರಿ ಜಾರಿ ಒಳಗೇ ಬಿದ್ದೆ. ಯಾರನ್ನರೆ ಕೂಗೂಣಂದ್ರ ನಾಚಿಕಿ. ಈಶಮ್ಮ ಗ್ವಾಡಿ ಆಚಿಗೇ ಕಾಳು ಹಸನ ಮಾಡ್ತಿದ್ಲು. ಹಲ್ಲು ಕಟಕಟ ಅಂತ ತಣ್ಣೀರಾಗ ಆಕಿ ಎದ್ದು ಹೋಗೂತನಕಾ ಕುಂತೆ. ನಿನ್ನ ಮೊಣಕಾಲಿನ ಸುದ್ದಿ ಆಗ ತಿಳೀತು.

ಗವಂಡ್ಯಾನ ಕರಸಿ ಗ್ವಾಡಿ ಅರ್ಧ ಒಡಿಸೀನಿ. ಒಳಗೂ ಹೊರಗೂ ಮೆಟ್ಟಲಾ ಆಗ್ಯಾವ, ಕೈ ಹಿಡಿಯಾಕ ಕಟಗಿ ಹಾಕ್ಯಾನ. ಅಂಜಪ್ಪನ ಕಾಲಿಗಿ ಬೀಳೂದೊಂದು ಬಾಕಿ ಇತ್ತು, ಬೈದೇ ಕರದೆ, ಬಂದ. ಮನಿ ಫ್ಯೂಜ್ ಸರಿ ಮಾಡ್ಯಾನ. ಎರಡು ರಾಡು ಅಂಗಡಿಗಿ ತಿರುಗಿ ಕೊಟ್ಟೆ. ಹಂಡೇದ ನೀರು ನಾ ಕಾಸಿ ಹಾಕ್ತೀನಿ. ಉಳದ ಒಂದು ರಾಡು ನೀ ನೀರಿಗಿ ಇಳಿಯೂ ಮೊದಲು ತಗೀಬೇಕು, ಮರೀಬಾರದು ಅಂದಾನ. ಅದನ್ನ ತಗಿಯೂದೂ ನಂದೇ ಕೆಲಸ.

ಓಣಿಯವರಿಗೆಲ್ಲಾ ತಪ್ಪು ನಂದು ಅಂತ ನಾನೇ ಹೇಳೀನಿ. ಅದರ ಚಿಂತಿ ಮಾಡಬ್ಯಾಡ. ಅಳಿಯಗ ಹೇಳೂ ಧೈರ್ಯ ಇನ್ನೂ ಬಂದಿಲ್ಲ.

ಎಳ್ಳಮಾಸಿಗಿ ಹೊಲಕ್ಕ ನೈವೇದ್ಯದ ಚರಗಾ ಚೆಲ್ಲಬೇಕು. ಭಜ್ಜಿ, ಕಡಬು ನನ್ನ ಕೈಲಿ ಆಗೂದಲ್ಲ. ಅದಕ್ಕ ಬಾ ಅಂತ ಬರದಿಲ್ಲ, ಸುಮ್ಮ ಸುದ್ದಿ ಹೇಳಿದೆ ಅಷ್ಟೇ. ಇಲ್ಲ, ಬಾ ಅಂತಲೇ ಬರದೀನಿ.

ಇಂತಿ,
ಮಾರಿ ತೋರಸಾಕ ಆಗದೇ ಕಾಗದಾ ಬರದ ನಿನ್ನ ಗಂಡ
ಬೀರಣ್ಣ

ತಾ.ಕ. ಇವತ್ತು ಸೋಮವಾರ. ಈ ಪತ್ರ ಡಬ್ಬಿಗಿ ಹಾಕದೇ ಅಂಗಿ ಕಿಸೇದಾಗ ಇಟಗೊಂಡು ತಿರಗೀನಿ. ಓಣಿಯವರಿಗೆಲ್ಲಾ ಹೇಳೀನಿ ಅಂತ ಬರದದ್ದು ಸುಳ್ಳು. ಒಂದು ನರಪಿಳ್ಳಿಗೂ ಹೇಳಿರಲಿಲ್ಲ. ನೀ ಬಂದ ಮ್ಯಾಲ ಹ್ಯಾಂಗರೆ ಆಗ್ತದ ಅಂತ ಬರದಿದ್ದೆ. ಇವತ್ತು ಮುಂಜಾನಿ ನಳದ ಮುಂದ ಹೋಗಿ, ಕೊಡಾ ತಂದ ಹೆಂಗಸರ ಎದುರಿಗಿ ನಿಂತು ಹೇಳಿದೆ, ತಂತಿ ನಾ ಹಾಕೀನಿ, ಆಕಿ ಬ್ಯಾಡ ಅಂದಿದ್ಲು ಅಂತ. ಈಶಮ್ಮ ಕೊಡಾ ಕೆಳಗಿಟ್ಟು, ಗೊತ್ತಿತ್ತೋ ಬೀರಣ್ಣಾ, ಅವತ್ತೇ ಎಲ್ಲರಿಗೂ ಗೊತ್ತಿತ್ತು ಅಂದ್ಲು. ನಿನ್ನ ಹೆಂಡ್ತಿಗಿ ನಾ ಅಂದದ್ದೆಲ್ಲಾ ಕಟ್ಟಿ ಮ್ಯಾಲ ಕುಂತ ನಿನಗ ಕೇಳಲಿ, ನಿನ್ನ ಬಾಯಿ ಬಿಚ್ಚಲಿ ಅಂತ ಅಂದದ್ದು. ಆಕಿ ಊರು ಬಿಟ್ಲು, ನೀ ಬಾಯಿ ಬಿಡಲಿಲ್ಲ ಅಂದ್ಲು. ಕೇಳಿ ನನ್ನ ಮೈ ಉರೀತು. ಗೊತ್ತಿದ್ದೂ ಆ ಹೆಣ್ಣಮಗಳಿಗಿ ಅಂಥಾ ಮಾತು ಅಂತೀರೇನು ಅಂತ ಒದರಾಕ ಬಾಯಿ ತಗದೆ. ಬಾಯಿ ಮುಚ್ಚಿ ಆಕಿ ಕೊಡಾ ಎತ್ತಿ ಕೊಟ್ಟೆ. ಎಲ್ಲರಕಿಂತ ಮೊದಲು ಗೊತ್ತಿದ್ದವ ನಾ.