ಅಪ್ಪನ ಮೊಳೆ, ಮಂಜುವಿನ ರಕ್ತ

ಪ್ರೀತಿಯ ಅಪ್ಪ,

ಮಂಜು ಚೆನ್ನಾಗಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದಿನದನ್ನು ಓದುವುದಿಲ್ಲ.

ಪೀಣ್ಯದ ಕಾರ್ಖಾನೆಗೆ ನಾನು ನಿನ್ನ ಊಟದ ಡಬ್ಬಿ ತಂದಿದ್ದ ದಿನ ನೆನಪಿದೆಯೇ? ಗಾಮಾ ಕಿರಣದಿಂದ ಬೆಸುಗೆಯ ಚಿತ್ರ ತೆಗೆಯುವ ದಪ್ಪ ಗೋಡೆಯ ಕೋಣೆಯನ್ನು ನೀನು ನನಗೆ ತೋರಿಸಿದ್ದೆ. ಒಳಗೋಡೆಯಲ್ಲಿ ನೀನೇ ಹೊಡೆದ ಮೊಳೆ. ಟೀಗೆ ಬರುವಾಗ ಮೇಲಂಗಿಯನ್ನು ಅದಕ್ಕೆ ನೇತುಹಾಕುತ್ತಿದ್ದೆ. 'ಟೀ ಹೊತ್ನಲ್ಲಿ ಯಾರೂ ಕಿರಣ ಬಿಡಲ್ಲ ಕಣಮ್ಮ, ಅದಕ್ಕೂ ರೆಸ್ಟು' ಎಂದು ನಕ್ಕಿದ್ದೆ. ಈಗ ಅಲ್ಲಿ ತಮ್ಮ ಮಂಜು ಕೆಲಸಕ್ಕಿದ್ದಾನೆ. ನಿನ್ನ ಅಭ್ಯಾಸವೂ ಅವನಿಗೆ ಬಂತು.

ಈಚೆಗೆ ಒಂದು ಸಂಜೆ ಮಂಜು ಲಗ್ಗೆರೆಯ ಮನೆಗೆ ಬಂದವನು ಬಾಗಿಲಲ್ಲೇ ನಿಂತ. ಮಗಳು ಪುಟ್ಟಿ ಓಡಿದಳು. 'ಹತ್ರ ಬರ್ಬೇಡ! ರೇಖಾ, ಹಿಡ್ಕೊಳೇ ಅವಳ್ನ!' ಎಂದು ಹೆಂಡತಿಯ ಮೇಲೆ ಕೂಗಿದ. ಮೇಲಂಗಿಯ ಜೇಬಿನಲ್ಲಿದ್ದ, ಕಿರಣ ಅಳೆಯುವ ಮೀಟರು ಕೊನೆ ಮುಟ್ಟಿತ್ತು. ಯಾವಾಗ ಎಂದು ಅವನಿಗೆ ತಿಳಿಯದು. ಫಿಲ್ಮ್ ಇಡಲು ಒಳಗೆ ಹೋದಾಗಲೇನೋ... ಬಿದ್ದ ಕಿರಣದ ಲೆಕ್ಕ ಹಿಡಿಯುವ ಅಂಗಿಯ ಬ್ಯಾಡ್ಜನ್ನು ತುರ್ತಾಗಿ ಪರೀಕ್ಷೆಗೆ ಕಳಿಸಿದರೆ, ಅದೂ ಮಿತಿ ಮೀರಿ ಬಿದ್ದಿದೆ ಎಂದೇ ಹೇಳಿತು. ಅದರ ಅರ್ಥ ನಿನಗೆ ನಾನು ಬಿಡಿಸಿ ಹೇಳಬೇಕೇ?

ಆಸ್ಪತ್ರೆಯ ಬೆಂಚಿನಲ್ಲಿ ಅನುವಾದದ ಕಾದಂಬರಿ ತೆರೆದು ಕೂತಿದ್ದೆ. ಆ ಪರದೇಶದ ಹೆಸರುಗಳನ್ನು ಹೇಗೆ ನೆನಪಿಡುತ್ತೀಯೆ ಎಂದು ಕೇಳುತ್ತಿದ್ದೆಯಲ್ಲ, ಅವತ್ತು ಒಂದೂ ಉಳಿಯಲಿಲ್ಲ. ಡಾಕ್ಟರಮ್ಮ ಮಂಜುವಿಗೆ ಹೇಳಿದರು: 'ಬ್ಯಾಡ್ಜ್ ಎಲ್ಲಿತ್ತು ಅಂತಷ್ಟೇ ಬ್ಯಾಡ್ಜಿಗೆ ಗೊತ್ತು. ನೀವೆಲ್ಲಿದ್ರಿ ಅಂತ ನಿಮ್ ರಕ್ತಕ್ಕೆ ಗೊತ್ತು.' ಮೈಗೆ ಬಹಳ ಕಿರಣ ಬಿದ್ದರೆ ಒಂದು ಜಾತಿಯ ಬಿಳಿ ರಕ್ತಕಣಗಳು ಮೊದಲ ದಿನಗಳಲ್ಲೇ ಇಳಿಯುತ್ತವಂತೆ. ಮತ್ತೆ ಮತ್ತೆ ರಕ್ತ ತೆಗೆದರು. ಇಳಿಯಲಿಲ್ಲ. ಆದರೆ ಅದಕ್ಕಿಂತ ಕಡಿಮೆ ಬಿದ್ದರೂ ಕಣದೊಳಗಿನ ಕ್ರೋಮೋಸೋಮುಗಳು ತುಂಡಾಗಿ ತಪ್ಪಾಗಿ ಕೂಡಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕಣ ನೋಡಿ ಅವನ್ನು ಹುಡುಕಬೇಕು. ಬೆಸುಗೆಯಲ್ಲಿ ಬಿರುಕು ಹುಡುಕುವ ನಿನ್ನ ಕೆಲಸವೇ ಅಲ್ಲವೇ ಇದು?

'ಇವ್ರು ಮಗೂನ ಮುಟ್ಬೋದಾ ಮೇಡಂ?' ಎಂದು ರೇಖಾ ಕೇಳಿದಳು. 'ಎಕ್ಸ್‌ರೇ ತೆಗೆಸ್ಕೊಂಡೋರ್ನ ಮುಟ್ಟಿದ್ರೆ ನಿಮಗೂ ಎಕ್ಸ್‌ರೇ ಆಗುತ್ತೇನ್ರೀ?' ಎಂದರು ಡಾಕ್ಟರಮ್ಮ. ರೇಖಾ ನಕ್ಕಳು, ಮಂಜು ನಗಲಿಲ್ಲ. ಪರೀಕ್ಷೆಯ ಫಲಿತಾಂಶ ಬರುವವರೆಗೂ ಹಜಾರದಲ್ಲಿ ಒಬ್ಬನೇ ಮಲಗಿದ. ಪುಟ್ಟಿ ಬಾಗಿಲಿನಿಂದ ಇಣುಕಿ, 'ಅಪ್ಪ ನನ್ಮೇಲೆ ಠೂ ಬಿಟ್ಟಿದಾನಾ ಅತ್ತೆ?' ಎನ್ನುತ್ತಿದ್ದಳು.

ಕೊನೆಗೆ ಡಾಕ್ಟರಮ್ಮ ಕರೆದರು. 'ಬ್ಯಾಡ್ಜ್ ಹೇಳಿದಷ್ಟು ಬಿದ್ದಿದ್ರೆ ಇಲ್ಲಿ ಕಾಣ್ಲೇಬೇಕಿತ್ತು. ಕಾಣ್ತಿಲ್ಲ. ಆ ಅಂಗಿ ನಿಮ್ಮನ್ನ ಬಿಟ್ಟು ಎಲ್ಲಾದ್ರೂ ಇತ್ತಾ?' ಮಂಜು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ನನ್ನತ್ತ ತಿರುಗಿದ. 'ಅಕ್ಕಾ... ಟೀಗೆ ಹೋದಾಗ... ಅಪ್ಪನ ಮೊಳೆ!' ದಿನವೂ ಮಾಡುವುದನ್ನು ಯಾರು ನೆನಪಿಡುತ್ತಾರೆ? ಈಗ ಅಲ್ಲಿ ಎರಡು ತಂಡಗಳಿವೆ ಅಪ್ಪ. ಒಂದು ಟೀಗೆ ಹೊರಟರೆ ಇನ್ನೊಂದು ಕಿರಣ ಬಿಡುತ್ತದೆ. ಕೋಣೆಯಲ್ಲಿ ಜನರಿಲ್ಲವೆಂದು ಅವರು ನೋಡಿಕೊಂಡಿದ್ದರು. ಅಂಗಿಯನ್ನು ನೋಡಿರಲಿಲ್ಲ.

ಬೇಜಾರು ಮಾಡಿಕೊಳ್ಳಬೇಡ, ನಿನ್ನ ಮೊಳೆಯನ್ನು ಕಿತ್ತಿದ್ದಾರೆ. ಮಂಜು ಅದನ್ನು ಮನೆಗೆ ತಂದು, ಪುಟ್ಟಿಯ ಸ್ಕೂಲ್ ಬ್ಯಾಗಿಗೆಂದು ಬಾಗಿಲ ಪಕ್ಕ ಹೊಡೆದ. 'ಅವಳಿಗೆ ಎಟುಕಲ್ವಲ್ಲೋ' ಎಂದೆ. 'ಗೊತ್ತು ಬಿಡಕ್ಕ' ಎಂದ. ಸಂಜೆ ಅವನು ಬರುವವರೆಗೂ ಅವಳು ಬ್ಯಾಗು ಹಿಡಿದು ಕಾಯುತ್ತಾಳೆ. ಅವನು ಕೈಕಾಲು ತೊಳೆದು ಬಂದು ಅವಳನ್ನು ಎತ್ತಿಕೊಳ್ಳುತ್ತಾನೆ.