ಒದ್ದೆ ಬಟ್ಟೆಯೊಳಗಿನ ಮೊಗ್ಗು

ನನ್ನ ಬಂಗಾರಿ ಗೌತಮಿ,

ನಾಳೆ ನಿನ್ನನ್ನು ಆಸ್ಪತ್ರೆಯಿಂದ ಅಶೋಕಪುರಂನ ನಮ್ಮ ಮನೆಗೆ ಕರೆತರುತ್ತೇವೆ. ಅದಕ್ಕೆ ಮೊದಲು ನಿನ್ನಜ್ಜಿಯ ಮೇಲೊಂದು ದೂರು ಹೇಳಬೇಕು. ನೀನು ದೊಡ್ಡವಳಾದ ಮೇಲೆ ಅವಳು ಇದನ್ನು ಖಂಡಿತ ಬೇರೆ ಥರ ಹೇಳುತ್ತಾಳೆ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ತಿಂಗಳು ತುಂಬುವ ಮೊದಲೇ ಅವಸರದಲ್ಲಿ ಬಂದುಬಿಟ್ಟೆಯಲ್ಲ, ತಾಯಿ! ಅಂಗೈಯಷ್ಟಿದ್ದೆ. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನರಗಳೆಲ್ಲ ಕಾಣುತ್ತಿದ್ದವು. ನಿನ್ನನ್ನು ಮಲಗಿಸಿದ್ದ ಇನ್‌ಕ್ಯುಬೇಟರ್‌ನಲ್ಲಿ ಹಬೆ ತುಂಬಿ, ಗಾಜೆಲ್ಲ ಬೆವತು, ನಿನ್ನ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ದಿನದಿನಕ್ಕೂ ನಿನ್ನ ತೂಕ ಇಳಿಯುತ್ತಿತ್ತು. ಉಳಿಯುತ್ತೀಯೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನಿನ್ನಜ್ಜಿ, ಅಂದರೆ ನನ್ನವ್ವ ಬಸವಮ್ಮ, ಹಸುಗೂಸಿಗೆ ಸಾಂಬ್ರಾಣಿ ಹೊಗೆ ಹಾಕಿ, ಮೈಯಲ್ಲಿ ತೇವದ ಪಸೆಯೂ ಇರದಂತೆ ನೋಡಿಕೊಳ್ಳಬೇಕು ಎನ್ನುವವಳು. ಆ ಹಬೆ ಕಂಡಿದ್ದೇ ತಡ, "ಅಯ್ಯೋ, ಕೂಸು ಥಂಡೀಲಿ ಬಿದ್ದದೆ ಕಣವ್ವ!" ಎನ್ನುತ್ತ, ಕೈ ಹಾಕುವ ಪುಟ್ಟ ಕಿಟಕಿ ತೆಗೆದು ಸೆರಗಿನಿಂದ ಒಳಗಿನ ಗಾಜು ಒರೆಸತೊಡಗಿದಳು.

ಯಂತ್ರ ಕೂಗಿಕೊಂಡಿತು. ನರ್ಸ್ ಪಂಕಜಾ ಓಡಿಬಂದು ಕಿಟಕಿ ಮುಚ್ಚಿದರು. "ಏನ್ ಮಾಡ್ಬುಟ್ರಿ ಅಜ್ಜಿ! ಮಗೂ ಚರ್ಮ ಇನ್ನೂ ಬಲಿತಿಲ್ಲ. ಮೈಯಲ್ಲಿರೋ ನೀರೆಲ್ಲ ಅದರಿಂದ್ಲೇ ಆರ್ಹೋಗ್ತದೆ, ತೂಕ ಇಳೀತಿರೋದೂ ಅದಕ್ಕೇ. ಹಬೆ ಇದ್ರೇನೇ ನೀರು ಉಳ್ಯೋದು ಕಣ್ರೀ."

ಅವ್ವ ಪೆಚ್ಚಾದಳು. ಅಗ್ರಹಾರದಲ್ಲಿ ಮಲ್ಲಿಗೆ ಮಾರುವವಳಲ್ಲವೇ, ಸ್ವಲ್ಪ ಹೊತ್ತಿಗೆ ತಾನೇ ಹೇಳಿದಳು: "ನನ್ ಬುದ್ಧಿಗಿಷ್ಟು! ಮೊಗ್ಗಿನ ಮೇಲೆ ಒದ್ದೆ ಬಟ್ಟೆ ಹೊದಿಸ್ತೀನಿ, ಗಿರಾಕಿ ತೆಗೆದು ನೋಡಿದ್ರೆ ಬಯ್ತೀನಿ. ಇಲ್ಲಿ ನಾನೇ ತೆಗೆದ್ಬುಟ್ನಲ್ಲವ್ವ."

ಅಂದಿನಿಂದ ಅವಳೇ ಕಾವಲು. ನಿನ್ನಪ್ಪ ವಸಂತ್ ಕಿಟಕಿಯತ್ತ ಬೆರಳು ಚಾಚಿದರೂ "ಮುಟ್ಬೇಡಿ ಅಳಿಯಂದ್ರೇ, ಬಾಡೋಯ್ತದೆ" ಎಂದು ಗದರುತ್ತಿದ್ದಳು. ಅವರು ನಗುತ್ತ ಹಿಂದೆ ಸರಿಯುತ್ತಿದ್ದರು. ನನಗೆ ಮಾತ್ರ ನಿನ್ನನ್ನು ಮುಟ್ಟದೆ ಕೂರುವುದು ಹೆರಿಗೆ ನೋವಿಗಿಂತ ಕಷ್ಟವಾಯಿತು ಕಣೇ.

ಇಳಿಯುತ್ತಿದ್ದ ತೂಕ ನಿಂತಿತು, ಆಮೇಲೆ ಮೆಲ್ಲಗೆ ಏರಿತು. ಚರ್ಮ ಬಲಿತಂತೆಲ್ಲ ಹಬೆ ತಗ್ಗಿಸುತ್ತ ಬಂದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗಾಜು ಒಣಗಿತ್ತು. ನೀನು ಕಣ್ಣು ಬಿಟ್ಟುಕೊಂಡು ಮಲಗಿದ್ದೆ, ಗಲ್ಲದಲ್ಲಿ ಅವ್ವನದೇ ಗುಳಿ. ಪಂಕಜಾ "ಈಗ ತೆಗೀಬೋದು ಕಣಮ್ಮ" ಎಂದರು.

ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಕೈ ಹಿಡಿದು ಆ ಕಿಟಕಿಯ ಮೇಲಿಟ್ಟಳು. "ನೀನೇ ತೆಗಿಯವ್ವ. ಬೋಣಿ ನಿಂದೇ ಆಗ್ಲಿ."

ಬಾಡದೆ, ನೂರು ಕಾಲ ಅರಳಿಕೊಂಡಿರು ಮಗಳೇ.

ನಾಳೆಗಾಗಿ ತೊಟ್ಟಿಲು ಕಟ್ಟಿ ಕೂತಿರುವ
ನಿನ್ನ ಅಮ್ಮ,
ಭಾನುಪ್ರಿಯಾ