ಉಡಿಯಲ್ಲಿ ತಂದ ಅಕ್ಕಿ

ಅವ್ವಾ,

ನೀನು ತೀರಿಕೊಂಡ ಮೇಲೆ ಗಂಡನ ಮನೆ ಬಿಟ್ಟು ಹಾನಗಲ್ಲಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದೆ. ನೀನಿದ್ದಿದ್ದರೆ ಬಿಡಲು ಬಿಡುತ್ತಿರಲಿಲ್ಲ.

ತಾಲೂಕು ಕಚೇರಿಯಲ್ಲಿ ನನ್ನದೇ ರೇಷನ್ ಕಾರ್ಡು ಕೇಳಿದರೆ ಗಂಡನ ಸಹಿ ತಾ ಎಂದರು. "ಹೊಡದಾವನ್ನ ಕೇಳಿ ಉಣ್ಣಬೇಕೇನ್ರಿ?" ಎಂದು ಕಚೇರಿಯ ಬಾಗಿಲಿಗೆ ಅಡ್ಡ ಕುಳಿತೆ. ಕೊನೆಗೂ ಕೊಟ್ಟರು.

ಇವತ್ತು ಮೊದಲ ಸಲ ಅಕ್ಕಿಗೆ ಹೋದೆ. "ಚೀಲ ಎಲ್ಲೈತಿ, ತಂಗೀ?" ಎಂದ ಅಂಗಡಿಯವ.

"ಉಡಿಗೇ ಹಾಕ್ರಿ," ಎಂದು ಸೆರಗೊಡ್ಡಿದೆ. ಸಾಲಿನಲ್ಲಿದ್ದವರು ನಕ್ಕರು. ನಗಲಿ.

ಏಟು ತಿಂದು ತವರಿಗೆ ಬಂದಾಗಲೆಲ್ಲ ನೀನು ನನ್ನ ಮುಖ ನೋಡದೆ ಉಡಿಗೆ ಅಕ್ಕಿ ತುಂಬಿ, ಗಂಡನೂರು ಹಿರೇಕೆರೂರಿನ ಬಸ್ಸು ಹತ್ತಿಸುತ್ತಿದ್ದೆ. ಆ ಅಕ್ಕಿಯನ್ನು ನಾನು ಅವನಿಗೇ ಬೇಯಿಸಿ ಹಾಕುತ್ತಿದ್ದೆ.

ಇವತ್ತು ಉಡಿ ತುಂಬಿಕೊಂಡು ನನ್ನ ಖೋಲಿಗೇ ಬಂದೆ, ಅವ್ವಾ. ಅನ್ನ ಬೇಯುತ್ತಿದೆ. ಇನ್ನು ಆ ಬಸ್ಸು ಹತ್ತುವುದಿಲ್ಲ.